ಎದುರುಮನೆಯ ಶನಿವಾರದ ಒಲೆ

ಶನಿವಾರ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ವೆಂಕಟರಮಣನ ಪಟದ ಮುಂದೆ ದೀಪ ಹಚ್ಚಿ, ಕಾಫಿ ಕುಡಿದು, ಎದುರುಮನೆಗೆ ಹೋಗಿ ಅವರ ಒಲೆ ಹಚ್ಚಿಕೊಟ್ಟು ಬರುವುದು ಬಹಳ ವರ್ಷ ನನ್ನ ಕ್ರಮವಾಗಿತ್ತು. ನಾನು ಮೈಸೂರಿನ ಹೆಣ್ಣುಮಕ್ಕಳ ಉಚಿತ ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು, ಗಂಟೆ ಹೊಡೆದಾಗ ದೀಪ ಆರಿಸಿ ಬೆಳೆದವಳು. ಆಮೇಲೆ ನೈರೋಬಿಗೆ ಬಂದು, ಇಂಡಸ್ಟ್ರಿಯಲ್ ಏರಿಯಾದ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ನಿವೃತ್ತಿಯವರೆಗೂ ಗುಳಿಗೆಗಳ ಗುಣಮಟ್ಟ ಪರೀಕ್ಷೆ ಮಾಡಿದೆ. ಅಲ್ಲೂ ಗಂಟೆಯೇ. ಹಾಗಾಗಿ ಒಂದು ಕೆಲಸ ನನ್ನ ಬೆಳಗಿನ ಸಾಲಿಗೆ ಸೇರಿತೆಂದರೆ ಅದು ಅಲ್ಲೇ ಇರುತ್ತದೆ. ಅದನ್ನು ಯಾರಾದರೂ ಕಿತ್ತರೆ ಮಾತ್ರ ನನಗೆ ಕಷ್ಟ.

ವೆಸ್ಟ್‌ಲ್ಯಾಂಡ್ಸಿನ ಈ ಫ್ಲಾಟಿಗೆ ನಾವು ಬಂದಾಗ ಎದುರು ಬಾಗಿಲಿನಲ್ಲಿ ಯಹೂದಿ ದಂಪತಿಗಳಿದ್ದರು. ಊರ ನಡುವೆ ಕನ್ನಡಕದ ಅಂಗಡಿ ನಡೆಸಿ ಮುಚ್ಚಿದವರು. ಆಕೆಯ ತಂದೆ ಎರಡನೆಯ ಮಹಾಯುದ್ಧಕ್ಕೆ ಮುಂಚೆ ಯುರೋಪಿನಿಂದ ತಪ್ಪಿಸಿಕೊಂಡು ಬಂದು ಇಲ್ಲಿನ ಯಾವುದೋ ಫಾರ್ಮಿನಲ್ಲಿ ಕೆಲಸಕ್ಕೆ ಸೇರಿದ್ದರಂತೆ. ಆಕೆ ಹುಟ್ಟಿದ್ದು ಇಲ್ಲೇ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ನಡುನಡುವೆ ಸ್ವಾಹಿಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ.

ಬಂದ ಹೊಸದರಲ್ಲಿ ಒಂದು ಶನಿವಾರ ಆಕೆ ನಮ್ಮ ಬಾಗಿಲು ತಟ್ಟಿದರು. ಬೆಲ್ ಒತ್ತಲಿಲ್ಲ, ತಟ್ಟಿದರು.

"ಜಿರಾನಿ, ನಮ್ಮ ಅಡುಗೆಮನೆ ಇವತ್ತು ತುಂಬಾ ತಣ್ಣಗಿದೆ."

ಜಿರಾನಿ ಎಂದರೆ ಸ್ವಾಹಿಲಿಯಲ್ಲಿ ನೆರೆಯವರು. ಆವತ್ತಿನಿಂದ ಇವತ್ತಿನವರೆಗೆ ನಾವು ಒಬ್ಬರನ್ನೊಬ್ಬರು ಕರೆಯುವುದು ಹಾಗೆಯೇ. ನಾನು ಒಳಗೆ ಹೋಗಿ ಒಂದು ಶಾಲು ತಂದುಕೊಟ್ಟೆ. ಆಕೆ ಅದನ್ನು ಹೊದ್ದುಕೊಂಡು ಅಲ್ಲೇ ನಿಂತರು.

"ಕೆಟಲ್ಲೂ ತಣ್ಣಗಿದೆ."

ನಮ್ಮವರು ಪೇಪರಿನ ಹಿಂದಿನಿಂದ ಕನ್ನಡದಲ್ಲಿ, "ಲೇ, ಕೆಟಲ್‌ಗೂ ಒಂದು ಶಾಲು ಕೊಟ್ಟು ಕಳಿಸು" ಎಂದರು.

ಅಷ್ಟರಲ್ಲಿ ಆಕೆಯ ಗಂಡ ಎದುರು ಬಾಗಿಲಿನಿಂದ ನಗುತ್ತಾ ಬಂದು ವಿಷಯ ಬಿಡಿಸಿ ಹೇಳಿದರು. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ಶನಿವಾರ ರಾತ್ರಿಯವರೆಗೆ ಅವರು ಬೆಂಕಿ ಹಚ್ಚುವಂತಿಲ್ಲ, ಸ್ವಿಚ್ ಮುಟ್ಟುವಂತಿಲ್ಲ. ಬೇರೆಯವರಿಗೆ 'ಹಚ್ಚಿಕೊಡಿ' ಎಂದು ಹೇಳುವಂತೆಯೂ ಇಲ್ಲ. ಅವರ ಮನೆಕೆಲಸದಾಕೆಯ ಪಂಗಡಕ್ಕೂ ಭಾನುವಾರವಲ್ಲ, ಶನಿವಾರವೇ ಚರ್ಚಿನ ದಿನ, ಆಕೆಯೂ ಬರುವುದಿಲ್ಲ. ನೆರೆಯವರು ಅಡುಗೆಮನೆ ತಣ್ಣಗಿದೆ ಎಂದು ತಾವಾಗಿ ತಿಳಿದುಕೊಂಡರೆ ಅದು ಬೇರೆ ಮಾತು.

ನಾನು ತಿಳಿದುಕೊಂಡೆ. ಮುಂದಿನ ಶನಿವಾರದಿಂದ ಆಕೆ ಬಾಗಿಲು ತಟ್ಟುವ ಪ್ರಸಂಗವೇ ಬರಲಿಲ್ಲ. ನಾನೇ ಹೋಗಿ ಗ್ಯಾಸ್ ಹಚ್ಚಿ ಕೆಟಲ್ ಇಟ್ಟು ಕೂರುತ್ತಿದ್ದೆ. ಆಕೆ ಹಾಲಿಲ್ಲದ ಟೀ ಕುಡಿಯುವವರು, ಇಲ್ಲಿನವರು ಚಾಯ್ ಯಾ ರಂಗಿ ಅನ್ನುತ್ತಾರಲ್ಲ, ಅದು. ನಾನು ಟೀ ಮುಟ್ಟುವವಳಲ್ಲ. ಬೆಳಿಗ್ಗೆ ಒಂದು ಲೋಟ ಕಾಫಿ, ಸಂಜೆ ಒಂದು. ಶನಿವಾರ ಒಪ್ಪೊತ್ತು ಬೇರೆ. ಹಾಗಾಗಿ ಸುಮ್ಮನೆ ಕೂತು ಮಾತಾಡಿ ಎದ್ದು ಬರುತ್ತಿದ್ದೆ. ಆಕೆಯ ಗಂಡ ತೀರಿಕೊಂಡ ಮೇಲೆ ಕೂರುವ ಹೊತ್ತು ಸ್ವಲ್ಪ ಬೆಳೆಯಿತು.

ಅವರ ಮಗ, ಸೊಸೆ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದರು. ಮೊಮ್ಮಗಳು ಓದು ಮುಗಿಸಿ, "ನನಗೆ ನೈರೋಬಿಯೇ ಬೇಕು" ಎಂದು ಅಜ್ಜಿಯ ಹತ್ತಿರ ವಾಪಸ್ಸು ಬಂದಳು. ಇಲ್ಲೇ ಹತ್ತಿರದ ಆಫೀಸೊಂದರಲ್ಲಿ ಕೆಲಸ. ಶುಕ್ರವಾರ ಸಂಜೆ ಅಜ್ಜಿ ಮೇಣದಬತ್ತಿ ಹಚ್ಚಿ ಹಾಡು ಹೇಳುವಾಗ ಪಕ್ಕದಲ್ಲಿ ನಿಂತು ತಾನೂ ಹೇಳುವಳು, ಆಮೇಲೆ ಗೆಳೆಯರ ಜೊತೆ ಹೊರಗೆ ಹೋಗುವಳು, ಶನಿವಾರ ಮಧ್ಯಾಹ್ನದವರೆಗೆ ಮಲಗುವಳು. ನನ್ನ ಚಿತ್ರಾನ್ನ ಎಂದರೆ ಡಬ್ಬಿ ತಂದು ನಿಲ್ಲುವಳು. ಅಜ್ಜಿಗೆ ಅವಳಿಂದ ಬೇರೇನೂ ಬೇಕಿರಲಿಲ್ಲ. ಸಂಜೆ ಬಾಗಿಲಿನ ಕೀಲಿ ತಿರುಗುವ ಸದ್ದು ಕೇಳಿದರೆ ಸಾಕಾಗಿತ್ತು. ಅದನ್ನು ಆಕೆ ನನ್ನ ಹತ್ತಿರ ಎಷ್ಟೋ ಸಲ ಹೇಳಿದ್ದರು.

ಆಮೇಲೆ ಆ ಪ್ರವಾಸ ಬಂತು. ಬೇರೆ ಬೇರೆ ದೇಶಗಳಲ್ಲಿ ಹುಟ್ಟಿ ಬೆಳೆದ ಯಹೂದಿ ಹುಡುಗ ಹುಡುಗಿಯರನ್ನು ಇಸ್ರೇಲಿಗೆ ಕರೆಸಿಕೊಂಡು, ಬಸ್ಸಿನಲ್ಲಿ ಸುತ್ತಿಸಿ, ನಿಮ್ಮ ಮೂಲ ಇದು ಎಂದು ತೋರಿಸಿ ಕಳಿಸುವ ಏರ್ಪಾಡು. ಟಿಕೆಟ್ಟು, ಊಟ, ವಸತಿ ಎಲ್ಲ ಅವರದೇ. ಆ ಕಡೆಯ ಸುದ್ದಿ ದಿನವೂ ಟಿವಿಯಲ್ಲಿ ಕೆಟ್ಟದಾಗಿಯೇ ಇರುತ್ತಿತ್ತು, ಪ್ರವಾಸ ಎರಡು ಸಲ ಮುಂದಕ್ಕೆ ಹೋಯಿತು. ಕೊನೆಗೆ ಹೊರಡುವುದು ಗಟ್ಟಿಯಾದಾಗ ಅಜ್ಜಿಗೆ ಅಲ್ಲಿನ ಅಪಾಯದ ಹೆದರಿಕೆ ಮಾತ್ರ ಇತ್ತು. ಹುಡುಗಿಗೆ ಅಂಥ ಉತ್ಸಾಹವೇನೂ ಇರಲಿಲ್ಲ. "ಪುಕ್ಕಟೆ ರಜ ಆಂಟಿ, ಸಮುದ್ರದಲ್ಲಿ ತೇಲಿ ಬರ್ತೀನಿ" ಎಂದಿದ್ದಳು. ನಾವೇ ಎಂಬಕಸಿಯ ನಿಲ್ದಾಣಕ್ಕೆ ಹೋಗಿ ವಿಮಾನ ಹತ್ತಿಸಿ ಬಂದೆವು. ಜಾಮಿನಲ್ಲಿ ಕಾರು ನಿಂತಾಗ ಹಿಂದಿನ ಸೀಟಿನಲ್ಲಿ ಕೂತು ಪೂರ್ತಿ ಡಬ್ಬಿ ಚಿತ್ರಾನ್ನ ತಿಂದಳು.

ಕರೆತರಲು ಹೋದವರೂ ನಾವೇ. ಉದ್ದ ಲಂಗ ಹಾಕಿಕೊಂಡು ಬಂದಳು. ಕಾರಿನಲ್ಲಿ ಚಿತ್ರಾನ್ನದ ಡಬ್ಬಿ ಕೊಟ್ಟೆ. ತೊಡೆಯ ಮೇಲೆ ಇಟ್ಟುಕೊಂಡಳು, ಮುಚ್ಚಳ ತೆಗೆಯಲಿಲ್ಲ.

"ಹೇಗಿತ್ತಮ್ಮಾ ಊರು?" ಎಂದು ನಮ್ಮವರು ಕೇಳಿದರು.

"ಊರಿಗಿಂತ ಬಸ್ಸೇ ನೆನಪಿರೋದು ಅಂಕಲ್."

"ಬಸ್ಸು ನೋಡೋಕೆ ಅಷ್ಟು ದೂರ ಹೋಗಬೇಕಿತ್ತಾ? ಇಲ್ಲೇ ಮಟಾಟು ಹತ್ತಿಸ್ತಿದ್ದೆ."

ಅವಳು ನಕ್ಕಳು. ಆಮೇಲೆ ನಿಧಾನವಾಗಿ ಹೇಳಿದಳು. "ಸ್ಕೂಲಲ್ಲಿ ಪ್ರತಿ ವರ್ಷ ಹೊಸ ಟೀಚರ್ ಬಂದಾಗ ನಾನು ಯಾರು ಅಂತ ವಿವರಿಸಬೇಕಿತ್ತು. ಯಾವ ಚರ್ಚು ಅಂತ ಕೇಳೋರು. ಚರ್ಚಲ್ಲ ಅಂದ್ರೆ, ಹಾಗಾದ್ರೆ ಯಾವ ಮಸೀದಿ ಅನ್ನೋರು. ಆ ಬಸ್ಸಲ್ಲಿ ಅದನ್ನ ಯಾರಿಗೂ ಹೇಳಬೇಕಾಗಿರಲಿಲ್ಲ. ಅಲ್ಲಿ ವಿವರಿಸಬೇಕಾಗಿದ್ದು ಕೀನ್ಯಾನ. ಮನೆ ಹಿಂದೆ ಸಿಂಹ ಬರುತ್ತಾ ಅಂದ್ರು."

"ಅರ್ಧ ಜನ ಬಸ್ಸಲ್ಲಿ ನಿದ್ದೆ ಮಾಡ್ತಿದ್ರು, ರಾತ್ರಿ ಪಾರ್ಟಿ" ಎಂದೂ ಹೇಳಿದಳು. "ಶುಕ್ರವಾರ ಸಂಜೆ ದೀಪದ ಹಾಡು ಯಾರಿಗೆ ಬರುತ್ತೆ ಅಂತ ಗೈಡ್ ಕೇಳಿದಳು. ಯಾರಿಗೂ ಬರ್ತಿರಲಿಲ್ಲ. ನಾನು ಹೇಳಿದೆ, ಗ್ರ್ಯಾನಿ ಹೇಳೋ ರಾಗದಲ್ಲಿ. ಒಬ್ಬ ಹುಡುಗ ಅತ್ತ. ಆಮೇಲೆ ಅದರ ಅರ್ಥ ಏನು ಅಂತ ನನ್ನ ಕೇಳಿದ್ರು. ನನಗೆ ಗೊತ್ತಿರಲಿಲ್ಲ ಆಂಟಿ. ಹಾಡು ಬರ್ತಿತ್ತು, ಅಷ್ಟೇ. ಆಮೇಲೆ ಆ ಇಡೀ ರಾತ್ರಿ ನನಗೆ ನಾಚಿಕೆ."

ನಾನು ಕನ್ನಡಿಯಲ್ಲಿ ಅವಳ ಮುಖ ನೋಡಿದೆ. ನಮ್ಮ ಮಗಳ ಮಕ್ಕಳ ನೆನಪಾಯಿತು. ಅವರನ್ನೂ ನಾವು ಒಂದು ರಜೆಯಲ್ಲಿ ಮೈಸೂರಿಗೆ ಕರೆದುಕೊಂಡು ಹೋಗಿದ್ದೆವು. ಅರಮನೆ ನೋಡಿದರು, ಹೊಟ್ಟೆ ಕೆಡಿಸಿಕೊಂಡರು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರು, ಹೋದ ಹಾಗೆಯೇ ವಾಪಸ್ಸು ಬಂದರು. ತಪ್ಪು ಊರಿನದಲ್ಲ ಎಂದು ಈಗ ಅನ್ನಿಸುತ್ತದೆ. ಅವರ ಜೊತೆ ಬಸ್ಸಿನಲ್ಲಿ ಅವರಂಥವರು ಯಾರೂ ಇರಲಿಲ್ಲ. ನಿನಗೇನು ಗೊತ್ತು ಎಂದು ಅವರನ್ನು ಕೇಳಿದವರೂ ಯಾರೂ ಇರಲಿಲ್ಲ.

ಬಂದ ವಾರದಿಂದ ಎದುರುಮನೆಯ ಅಡುಗೆಮನೆ ಬದಲಾಗತೊಡಗಿತು. ಹಾಲಿನ ಪಾತ್ರೆ ಒಂದು ಕಡೆ, ಮಾಂಸದ ಪಾತ್ರೆ ಒಂದು ಕಡೆ, ಅವರ ಕಟ್ಟಳೆಯಲ್ಲಿ ಅವೆರಡು ಸೇರಬಾರದು. ಅದನ್ನು ಅಜ್ಜಿ ಮೊದಲೂ ತಕ್ಕಮಟ್ಟಿಗೆ ಮಾಡುತ್ತಿದ್ದರು, ಈಗ ಕಪಾಟುಗಳೇ ಬೇರೆಯಾದವು. ಹುಡುಗಿ ವಾರದಲ್ಲಿ ಎರಡು ಸಂಜೆ ಫೋನಿನಲ್ಲಿ ಅಲ್ಲಿಯ ಗುರುವೊಬ್ಬರಿಂದ ಪಾಠ ಕೇಳುತ್ತಿದ್ದಳು. ನಮ್ಮ ಮನೆಯಲ್ಲಿ ಬೇಯಿಸಿದ್ದನ್ನು ಅವಳು ತಿನ್ನುವುದು ನಿಂತಿತು. ಬಾಳೆಹಣ್ಣು, ಮಾವಿನಹಣ್ಣು ಆಗಬಹುದು ಎಂದಳು. ಹೇಳುವಾಗ ಅವಳ ಕಿವಿ ಕೆಂಪಾಗಿತ್ತು.

ನನಗೆ ಇದೇನೂ ಹೊಸದಲ್ಲ. ನನ್ನ ಅಜ್ಜಿ ಮಡಿಯ ಹೆಂಗಸು. ಮಡಿ ಸೀರೆಯನ್ನು ಕೋಲಿನಿಂದ ಗಳದ ಮೇಲೆ ಹಾಕುವರು. ನಾವು ಶಾಲೆಯಿಂದ ಬಂದು ಮುಟ್ಟಿದರೆ ಮತ್ತೆ ತಲೆಗೆ ನೀರು. ಆ ಮನೆಯಿಂದ ಹಾಸ್ಟೆಲಿಗೆ, ಹಾಸ್ಟೆಲಿನಿಂದ ಲ್ಯಾಬಿಗೆ ಬಂದು, ಮಡಿಯನ್ನು ಎಲ್ಲೋ ಹಿಂದೆ ಬಿಟ್ಟೆ ಎಂದುಕೊಂಡಿದ್ದೆ. ಅಜ್ಜಿಯಿಂದ ಮೊಮ್ಮಗಳಿಗೆ ಇಳಿಯಬೇಕಾದ ಮಡಿ ಇಲ್ಲಿ ಮೊಮ್ಮಗಳಿಂದ ಅಜ್ಜಿಗೆ ಏರುತ್ತಿತ್ತು. ನೋಡಿ ನನಗೆ ಸಿಟ್ಟು ಬರಲಿಲ್ಲ, ಆಯಾಸವಾಯಿತು. ಮತ್ತೆ ಇದೇನಾ ಅನ್ನಿಸಿತು.

ಆದರೂ ಶನಿವಾರದ ಒಲೆ ನನ್ನದಲ್ಲವೇ. ಅವಳಿಗೆ ಬೇಕಾದ ಕ್ರಮದಲ್ಲೇ ಮಾಡೋಣ ಎಂದು ನಿರ್ಧರಿಸಿದೆ. ಶುಕ್ರವಾರ ಹೊಸ ಸ್ಟೀಲ್ ಪಾತ್ರೆ ತಂದೆ. ಶನಿವಾರ ತಲೆಗೆ ಸ್ನಾನ ಮಾಡಿ, ಒಗೆದು ಒಣಗಿಸಿದ ಸೀರೆ ಉಟ್ಟು, ಏನನ್ನೂ ಮುಟ್ಟದೆ ಪಾತ್ರೆ ಹಿಡಿದು ಹೊರಟೆ.

"ಎಲ್ಲಿಗೆ, ಶ್ರಾದ್ಧಕ್ಕಾ?" ಎಂದರು ನಮ್ಮವರು.

"ಸುಮ್ನಿರ್ರೀ, ಮಡಿಯಲ್ಲಿದ್ದೀನಿ."

ಹುಡುಗಿ ಬಾಗಿಲು ತೆಗೆದಳು. ನನ್ನ ಒದ್ದೆ ಕೂದಲು, ಹೊಸ ಪಾತ್ರೆ ನೋಡಿದಳು. ನಾನು, "ಎಲ್ಲ ಶುದ್ಧವಾಗಿದೆಯಮ್ಮ, ಪಾತ್ರೆಗೆ ಯಾರ ಕೈಯೂ ತಾಗಿಲ್ಲ. ನಾನೂ ಯಾರನ್ನೂ ಮುಟ್ಟಿಲ್ಲ" ಎಂದೆ.

ಅವಳ ಕಣ್ಣು ತುಂಬಿತು. "ಆಂಟಿ, ನೀವು ಮುಟ್ಟಿದರೆ ಏನೂ ಆಗಲ್ಲ. ಯಾರು ನಿಮಗೆ ಹಾಗೆ ಹೇಳಿದ್ದು? ಒಳಗೆ ಬನ್ನಿ, ಕೂತ್ಕೊಳ್ಳಿ. ನೀವು ನಮಗಾಗಿ ಆ ಕೆಲಸ ಮಾಡಬಾರದು, ಅಷ್ಟೇ. ನಮ್ಮ ವಿಶ್ರಾಂತಿಯ ದಿನ ಇನ್ನೊಬ್ಬರನ್ನ ನಮಗಾಗಿ ದುಡಿಸಿ, ಅದರ ಸುಖ ನಾವು ಉಣ್ಣಬಾರದು. ತಣ್ಣಗಿದೆ, ಗಿಣ್ಣಗಿದೆ ಅಂತ ಸುತ್ತಿ ಬಳಸಿ ಹೇಳೋದೂ ಸರಿಯಲ್ಲ."

"ನಿಮ್ಮ ತಾತ ಸರಿ ಅಂದಿದ್ದರು."

"ತಾತನಿಗೆ ಟೀ ಬೇಕಿತ್ತು ಆಂಟಿ."

ನಾನು ಇಡೀ ಬದುಕು ಕಂಡ ಮಡಿಯಲ್ಲಿ ದೋಷ ಮುಟ್ಟುವವರದು. ಇಲ್ಲಿ ದೋಷ ನನ್ನ ಕೈಯದಲ್ಲ, ಆ ಮನೆಗೋಸ್ಕರ ಮಾಡುವುದರದು. ವ್ಯತ್ಯಾಸ ಅರ್ಥವಾಯಿತು. ಪಾತ್ರೆ ಹಿಡಿದು ವಾಪಸ್ಸು ಬಂದೆ. ಅರ್ಥವಾಯಿತೆಂದು ಕೈ ಖಾಲಿ ಎನ್ನಿಸುವುದೇನೂ ತಪ್ಪಲಿಲ್ಲ.

ಅದರ ಬದಲಿಗೆ ಹುಡುಗಿ ಒಂದು ವಿದ್ಯುತ್ ಹಂಡೆ ತಂದಳು. ಶುಕ್ರವಾರ ಸಂಜೆ ಹಾಕಿಟ್ಟರೆ ಶನಿವಾರ ಇಡೀ ನೀರು ಬಿಸಿಯಾಗಿರುತ್ತದೆ, ಯಾರೂ ಮುಟ್ಟಬೇಕಾಗಿಲ್ಲ. ಅಜ್ಜಿ ಅದರಿಂದಲೇ ಟೀ ಮಾಡಿಕೊಳ್ಳತೊಡಗಿದರು. ಒಂದು ಸಂಜೆ ಕೆಳಗಿನ ಅಂಗಳದಲ್ಲಿ ವಾಕಿಂಗ್ ಮಾಡುವಾಗ ನಾನು, "ಟೀ ಹೇಗಿರುತ್ತೆ ಜಿರಾನಿ?" ಎಂದು ಕೇಳಿದೆ.

"ತಗಡಿನ ರುಚಿ."

"ಹೇಳಬಾರದಾ ಅವಳಿಗೆ?"

"ಏನಂತ ಹೇಳಲಿ? ಅವಳು ಅಲ್ಲಿಂದ ಬಂದಾಗಿನಿಂದ ಒಂದು ಕಾಲು ಅಲ್ಲೇ ಇದೆ. ಇಲ್ಲಿ ಕಪಾಟು, ಪಾತ್ರೆ, ಹಂಡೆ, ಅವಳಿಗೆ ಬೇಕಾದ ಹಾಗೆ ಎಲ್ಲ ಆದ್ರೆ ಇಲ್ಲೇ ಇದ್ದಾಳು. ಟೀಗೋಸ್ಕರ ಜಗಳ ಆಡಿ ಅವಳನ್ನ ಕಳಕೊಳ್ಳಲಾ?"

ನಾವು ಇನ್ನೊಂದು ಸುತ್ತು ಹಾಕಿದೆವು.

ಇಲ್ಲಿ ಜುಲೈ ಎಂದರೆ ಚಳಿಗಾಲ. ಒಂದು ಶುಕ್ರವಾರ ಸಂಜೆ ಕರೆಂಟು ಹೋಯಿತು. ಕಟ್ಟಡದ ಜನರೇಟರ್ ಆ ವಾರ ಕೆಟ್ಟು ಕೂತಿತ್ತು. ಬೆಳಗಾದರೂ ಕರೆಂಟು ಬರಲಿಲ್ಲ. ನಾನು ಗ್ಯಾಸ್ ಮೇಲೆ ನೀರು ಕಾಯಿಸಿ ಸ್ನಾನ ಮಾಡಿ, ದೀಪ ಹಚ್ಚಿ, ಕಾಫಿ ಮುಗಿಸಿ ಲೋಟ ತೊಳೆದಿಟ್ಟಿದ್ದೆ. ಬಾಗಿಲು ತಟ್ಟಿದ ಸದ್ದಾಯಿತು. ಹುಡುಗಿ. ಹಿಂದೆ, ತೆರೆದ ಬಾಗಿಲಿನೊಳಗೆ ಅಜ್ಜಿ ಕೆಮ್ಮುವುದು ಕೇಳುತ್ತಿತ್ತು.

"ಆಂಟಿ, ನಮ್ಮ ಅಡುಗೆಮನೆ..." ಎಂದು ಶುರು ಮಾಡಿ ನಿಲ್ಲಿಸಿದಳು. ಆ ಮಾತು ಯಾರದೆಂದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ಕೇಳಿದಳು. "ನೀವು ನಿಮಗೋಸ್ಕರ ಯಾವತ್ತಾದ್ರೂ ಟೀ ಮಾಡ್ಕೋತೀರಾ?"

"ಅವಳಾ? ಟೀ ಅಂದ್ರೆ ಕಷಾಯ ಅಂತಾಳಮ್ಮ" ಎಂದರು ನಮ್ಮವರು ಒಳಗಿನಿಂದ.

ನಾನು ತಿರುಗಿ ಅವರನ್ನು ನೋಡಿದೆ. ಅವರು ಪೇಪರಿನೊಳಗೆ ಹೋದರು.

"ಇವತ್ತು ಚಳಿ," ಎಂದೆ. "ನಾನೇ ಟೀ ಮಾಡ್ಕೊಂಡು ಕುಡಿಯೋಣ ಅಂತಿದ್ದೆ. ಮಾಡಿದ್ರೆ ಹೇಗೂ ಮಿಕ್ಕುತ್ತೆ."

ನೀರಿಟ್ಟೆ. ಆವತ್ತಿನ ಹೊಸ ಪಾತ್ರೆಯನ್ನೇ ತೆಗೆದೆ. ಟೀಪುಡಿ ನಮ್ಮ ಮನೆಕೆಲಸದಾಕೆ ತನಗೆಂದು ಇಟ್ಟುಕೊಂಡದ್ದು. ಅಳತೆ ಗೊತ್ತಿಲ್ಲದೆ ಹಾಕಿದೆ. ಮೊದಲು ನಾನು ಬಗ್ಗಿಸಿಕೊಂಡು ಕುಡಿದೆ. ಅವರಿಗಾಗಿ ಮಾಡಿದ್ದು ಅವರಿಗೆ ಸಲ್ಲದು, ನನಗಾಗಿ ಮಾಡಿದ್ದರಲ್ಲಿ ಮಿಕ್ಕಿದ್ದು ಸಲ್ಲುತ್ತದೆ. ನನಗಾಗಿ ಎಂದ ಮೇಲೆ ನನಗಾಗಿಯೇ ಆಗಬೇಕು. ಸುಳ್ಳು ಲೆಕ್ಕ ನನಗೆ ಆಗುವುದಿಲ್ಲ. ಕಹಿಯಾಗಿತ್ತು. ಪೂರ್ತಿ ಕುಡಿದೆ. ನಮ್ಮವರು, "ಪಂಚಾಂಗ ನೋಡಬೇಕು, ಇವತ್ತು ಗ್ರಹಣ ಇರಬಹುದು" ಎಂದು ಗೊಣಗಿದರು.

ಅಜ್ಜಿ ಬಂದು ನಮ್ಮ ಅಡುಗೆಮನೆಯ ಕುರ್ಚಿಯಲ್ಲಿ ಕೂತರು. ಹಳೆಯ ಶಾಲು ಹೊದ್ದಿದ್ದರು, ನಾನು ಎಂದೋ ಕೊಟ್ಟದ್ದು. ಮಿಕ್ಕಿದ ಟೀಯನ್ನು ಗಾಜಿನ ಲೋಟಕ್ಕೆ ಬಗ್ಗಿಸಿಟ್ಟೆ. ಎರಡೂ ಕೈಯಲ್ಲಿ ಹಿಡಿದು ಕುಡಿದರು. ಮುಖಕ್ಕೆ ಬಣ್ಣ ಬಂತು. ಹುಡುಗಿ ತಾನು ಕುಡಿಯಲಿಲ್ಲ, ಬಾಗಿಲಿಗೆ ಒರಗಿ ನಿಂತು ಅಜ್ಜಿ ಕುಡಿಯುವುದನ್ನೇ ನೋಡಿದಳು. ಲೋಟ ಅರ್ಧ ಇಳಿದ ಮೇಲೆ ಹೇಳಿದಳು.

"ಗ್ರ್ಯಾನಿ, ನಾನು ಅಲ್ಲಿಗೆ ಓದೋಕೆ ಹೋಗ್ತೀನಿ. ಒಂದು ವರ್ಷ."

ನಮ್ಮವರ ಪೇಪರ್ ಸದ್ದು ನಿಂತಿತು. ಅಜ್ಜಿ ಇನ್ನೊಂದು ಗುಟುಕು ಕುಡಿದರು.

"ಜಿರಾನಿ, ನೀರು ಜಾಸ್ತಿ" ಎಂದರು.

"ಮೊದಲ ಸಲ ಅಲ್ವಾ" ಎಂದೆ.

"ಗ್ರ್ಯಾನಿ, ಕೇಳಿಸ್ತಾ?"

"ಕೇಳಿಸ್ತು. ಕಿವಿ ಸರಿಯಾಗಿದೆ. ಯಾವಾಗ?"

"ಅಕ್ಟೋಬರಲ್ಲಿ, ನಮ್ಮ ಹಬ್ಬಗಳು ಮುಗಿದ ಮೇಲೆ."

"ಸ್ವೆಟರ್ ತಗೊಂಡು ಹೋಗು. ಅಲ್ಲೂ ಚಳಿ ಇರುತ್ತಂತೆ." ಅಷ್ಟೇ. ಲೋಟ ಖಾಲಿ ಮಾಡಿ, ಮೇಜು ಹಿಡಿದು ಎದ್ದು, ಗೋಡೆ ಹಿಡಿದು ಎದುರು ಬಾಗಿಲಿಗೆ ಹೋದರು. ಹುಡುಗಿ ಕೈ ಕೊಡಲು ಹೋದಳು, ಬೇಡವೆಂದರು.

ಮಧ್ಯಾಹ್ನ ಕರೆಂಟು ಬಂದಾಗ ಒಮ್ಮೆಲೇ ಜೋರಾಗಿ ಬಂದು ಅವರ ಹಂಡೆ ಸುಟ್ಟುಹೋಯಿತು. ಹುಡುಗಿ ಹೊಸದು ತರುತ್ತಾಳೆ ಎಂದುಕೊಂಡೆ, ತರಲಿಲ್ಲ. ಅವಳು ಹೊರಡುವ ವಾರ, ಒಂದು ಬುಧವಾರ, ಹೊಸ ಕೆಟಲ್, ಎರಡು ಗಾಜಿನ ಲೋಟ, ಒಂದು ಪೊಟ್ಟಣ ಒಳ್ಳೆಯ ಕೆರಿಚೊ ಟೀಪುಡಿ ತಂದು ನಮ್ಮ ಅಡುಗೆಮನೆಯಲ್ಲಿ ಇಟ್ಟಳು.

"ಇದು ನಿಮ್ಮದು ಆಂಟಿ. ನಿಮ್ಮದಾಗಿಯೇ ಇರಬೇಕು, ನಮ್ಮದಲ್ಲ."

"ಹಂಡೆ ತರೋದು ಸುಲಭ ಆಗ್ತಿರಲಿಲ್ವಾ?"

"ಹಂಡೆ ನೀರು ಕಾಯಿಸುತ್ತೆ. ಗ್ರ್ಯಾನಿ ಜೊತೆ ಕೂರಲ್ಲ." ಆಮೇಲೆ, ಲ್ಯಾಬಿನಲ್ಲಿ ಹೊಸ ಹುಡುಗಿಯರಿಗೆ ನಾನು ಹೇಳುತ್ತಿದ್ದ ಧಾಟಿಯಲ್ಲಿ ನನಗೇ ಹೇಳಿದಳು. "ಆದ್ರೆ ನೀವು ಮೊದಲು ಕುಡೀಬೇಕು. ನಿಜವಾಗಿ ನಿಮಗೋಸ್ಕರ ಆಗಿರಬೇಕು. ಇಲ್ಲದಿದ್ರೆ ಬೇಡ."

"ನನಗೆ ಟೀ ಸೇರಲ್ಲ ಕಣೇ."

"ಗೊತ್ತು ಆಂಟಿ" ಎಂದು ನನ್ನನ್ನು ತಬ್ಬಿಕೊಂಡಳು. ಚಿತ್ರಾನ್ನ ಕೇಳಲಿಲ್ಲ.

ಎಂಬಕಸಿಗೆ ಈ ಸಲವೂ ನಾವೇ ಬಿಟ್ಟು ಬಂದೆವು. ಒಂದು ವರ್ಷ ಎಂದದ್ದು ಈಗ ಎರಡನೆಯದಕ್ಕೆ ಬೆಳೆದಿದೆ. ಅವಳು ವಾಪಸ್ಸು ಬರುವ ದಿನ ಯಾವುದೆಂದು ಕೇಳುವುದನ್ನು ಅಜ್ಜಿ ಬಿಟ್ಟಿದ್ದಾರೆ.

ಅವಳು ಹೋದ ಹೊಸದರಲ್ಲಿ ನಾನು ಆಕೆಗೆ ಹೇಳಿದೆ. "ಈಗ ಯಾರು ನೋಡ್ತಾರೆ? ಮೊದಲಿನ ಹಾಗೆ ನಿಮ್ಮ ಒಲೆ ಹಚ್ಚಿಕೊಡ್ತೀನಿ ಬಿಡಿ."

ಆಕೆ ಬೇಡವೆಂದು ತಲೆಯಾಡಿಸಿದರು. "ಅವಳನ್ನ ಉಳಿಸಿಕೊಳ್ಳೋಣ ಅಂತ ಇದನ್ನೆಲ್ಲ ಒಪ್ಪಿಕೊಂಡೆ. ಅವಳು ಹೋದಳು, ಇದು ಉಳೀತು. ಶನಿವಾರ ರಾತ್ರಿ ಫೋನ್ ಮಾಡ್ತಾಳೆ. ಈ ವಾರ ಹೇಗಾಯ್ತು ಗ್ರ್ಯಾನಿ ಅಂತಾಳೆ. ಇದನ್ನೂ ಬಿಟ್ಟರೆ ಅವಳ ಹತ್ತಿರ ಏನು ಮಾತಾಡಲಿ, ಜಿರಾನಿ?"

ಹಾಗಾಗಿ ಈಗ ನನ್ನ ಶನಿವಾರದ ಸಾಲು ಬೇರೆ. ಸ್ನಾನ, ದೀಪ, ಕಾಫಿ. ಆಮೇಲೆ ಟೀ. ವಯಸ್ಸಾದ ಹೊಟ್ಟೆಗೆ ಕಾಫಿಯ ಮೇಲೆ ಟೀ ಒಗ್ಗುವುದಿಲ್ಲ, ಮಧ್ಯಾಹ್ನದವರೆಗೆ ಎದೆ ಉರಿಯುತ್ತದೆ. ಕಾಫಿ ಬಿಡು ಎಂದು ನಮ್ಮವರು ಹೇಳುತ್ತಾರೆ. ಅದು ಆಗದ ಮಾತು. ಟೀಯ ಅಳತೆ ಮಾತ್ರ ಇನ್ನೂ ಹಿಡಿತಕ್ಕೆ ಬಂದಿಲ್ಲ. ಗುಳಿಗೆಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಡಿಮೆಯನ್ನು ಹಿಡಿಯುತ್ತಿದ್ದವಳಿಗೆ ಇದು ಬರುತ್ತಿಲ್ಲ.

ಕಳೆದ ಶನಿವಾರವೂ ಬಾಗಿಲು ತಟ್ಟಿದ ಸದ್ದಾಯಿತು. ಆಕೆ ಬಂದು ಕೂತರು. ಕೆಟಲಿನಲ್ಲಿ ಮಿಕ್ಕಿದ್ದನ್ನು ಅವರ ಲೋಟಕ್ಕೆ ಬಗ್ಗಿಸಿದೆ. ಒಂದು ಗುಟುಕು ಕುಡಿದು, "ಇನ್ನೂ ನೀರು ಜಾಸ್ತಿ" ಎಂದರು. ಹೌದೆಂದೆ. ನನ್ನ ಲೋಟದಲ್ಲಿ ಇನ್ನೂ ಅರ್ಧ ಇತ್ತು. ಆಕೆ ಅದನ್ನು ನೋಡುತ್ತಿದ್ದರು. ಎತ್ತಿ ಕುಡಿದೆ.